ಬ್ಯಾಟರಿ ಇಲ್ಲದ ಬೇಸ್ ಗಿಟಾರು

2019ರ ಏಪ್ರಿಲ್ 20, ಶನಿವಾರದ ರಾತ್ರಿ. ಗದಗ-ಬೆಟಗೇರಿಯಲ್ಲಿ ಪಾಸ್ಖ ಜಾಗರಣೆ ನಡೆಯುತ್ತಿತ್ತು. ಹೊಸ ಬೆಂಕಿಯಿಂದ ಹೊತ್ತಿಸಿದ ಪಾಸ್ಖ ದೀಪ ಪೀಠದ ಬಳಿ ಬೆಳಗುತ್ತಿತ್ತು. ಹಳೆಯ ಒಡಂಬಡಿಕೆಯ ವಾಚನಗಳು ಮುಗಿದಿದ್ದವು. ಪವಿತ್ರ ಗುರುವಾರದಿಂದ ಮೌನವಾಗಿದ್ದ ಗಂಟೆಗಳೆಲ್ಲ ಮಹಿಮಾಗೀತೆಯೊಂದಿಗೆ ಮತ್ತೆ ಮೊಳಗಬೇಕಾದ ಕ್ಷಣವದು. ಗಂಟೆಗಳು ಮೊಳಗಿದವು, ಕೀಬೋರ್ಡ್ ನುಡಿಯಿತು, ಗಾನವೃಂದ ದನಿಯೆತ್ತಿತು. ಅಷ್ಟರಲ್ಲಿ ಬೇಸ್ ಗಿಟಾರು ಕಪ್ಪೆಯಂತೆ ಒದರಿತು. ಎರಡು ಸಾಲು ಮುಗಿಯುವಷ್ಟರಲ್ಲಿ ಆ ಒದರಾಟವೂ ಕ್ಷೀಣಿಸಿ, ವಾದ್ಯ ಪೂರ್ತಿ ಮೂಕವಾಯಿತು. ಅದನ್ನು ನುಡಿಸುತ್ತಿದ್ದ ಹುಡುಗ ಗುಂಡಿಗಳನ್ನು ತಿರುಗಿಸಿದ, ವೈರನ್ನು ಅಲುಗಾಡಿಸಿದ, ಕೊನೆಗೆ ತಲೆ ತಗ್ಗಿಸಿ ನಿಂತುಬಿಟ್ಟ.

ಪೂಜೆ ಮುಗಿದ ಮೇಲೆ ಜನರೆಲ್ಲ ಒಬ್ಬರಿಗೊಬ್ಬರು ಹಬ್ಬದ ಶುಭಾಶಯ ಹೇಳಿಕೊಳ್ಳುತ್ತಿದ್ದರು. ನಾನು ಮಾತ್ರ ನೇರವಾಗಿ ಗಾನವೃಂದದ ಕಡೆಗೆ ನಡೆದೆ. "ವರ್ಷಕ್ಕೊಂದು ಪಾಸ್ಖ ಹಬ್ಬ. ಅದಕ್ಕೊಂದು ಬ್ಯಾಟರಿ ನೋಡಿಕೊಳ್ಳಲು ನಿನ್ನಿಂದ ಆಗುವುದಿಲ್ಲವೇ? ಜವಾಬ್ದಾರಿ ಇಲ್ಲದವನಿಗೆ ವಾದ್ಯವೇಕೆ?" ಎಂದೆ. ಹತ್ತಾರು ಜನರ ಎದುರಿನಲ್ಲಿ ಎಂದೆ. ಅವನ ತಂದೆ ಮಾರುದೂರದಲ್ಲಿ ನಿಂತಿದ್ದರು. ಹುಡುಗ ಒಂದು ಮಾತನ್ನೂ ಆಡದೆ ಗಿಟಾರನ್ನು ಸ್ಟ್ಯಾಂಡಿಗೆ ಒರಗಿಸಿ ಹೊರಗೆ ಹೋದ. ಮುಂದಿನ ಭಾನುವಾರ ಅವನು ಬರಲಿಲ್ಲ, ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಪ್ರಿಯ ಓದುಗರೇ, ಮುಂದಿನದನ್ನು ಹೇಳುವ ಮೊದಲು ಈ ವಾದ್ಯದ ಬಗ್ಗೆ ಎರಡು ಮಾತು ಹೇಳಬೇಕು. ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕೇ ದಪ್ಪ ತಂತಿಗಳು. ಅತ್ಯಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಮಾತ್ರ ಕಂಪಿಸುತ್ತದೆ. ಕಿವಿಗೆ ಕೇಳಿಸುವುದಕ್ಕಿಂತ ಎದೆಗೆ ತಾಗುವ ನಾದ ಅದು. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮವಿರುವ ಊರು ನಮ್ಮದು. 1922ರಲ್ಲಿ ಭೀಮಸೇನ ಜೋಶಿಯವರು ಹುಟ್ಟಿದ ಊರೂ ಇದೇ. ಹಾಡುವವನ ಹಿಂದೆ ಕುಳಿತು ಶ್ರುತಿ ಹಿಡಿಯುವ ತಂಬೂರಿಯ ಬೆಲೆಯನ್ನು ಇಲ್ಲಿಯ ಜನರಿಗೆ ಯಾರೂ ತಿಳಿಸಿಕೊಡಬೇಕಾಗಿಲ್ಲ. ತಂಬೂರಿ ಒಂದೇ ಶ್ರುತಿಯಲ್ಲಿ ನಿಲ್ಲುತ್ತದೆ, ಬೇಸ್ ಗಿಟಾರು ರಾಗದೊಂದಿಗೆ ನಡೆಯುತ್ತದೆ. ಆದರೆ ಎರಡರದ್ದೂ ಹಿಂದೆ ನಿಂತು ಹಾಡನ್ನು ಹೊರುವ ಕೆಲಸ. ಅದು ಇರುವಾಗ ಯಾರೂ ಗಮನಿಸುವುದಿಲ್ಲ, ನಿಂತುಹೋದಾಗ ಎಲ್ಲರೂ ತಿರುಗಿ ನೋಡುತ್ತಾರೆ.

ದೇವಾಲಯದಲ್ಲಿ ಇಂಥ ವಾದ್ಯವೇಕೆ ಎಂದು ಕೇಳುವ ಹಿರಿಯರು ನಮ್ಮಲ್ಲಿದ್ದಾರೆ. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಹೊರಡಿಸಿದ ದೈವಾರಾಧನೆಯ ಸಂವಿಧಾನವು ಪೈಪ್ ಆರ್ಗನ್ನಿಗೆ ಹಿರಿಯ ಸ್ಥಾನವನ್ನು ಕೊಟ್ಟಿತು. ಪವಿತ್ರ ಬಳಕೆಗೆ ಒಗ್ಗುವ, ದೇವಾಲಯದ ಘನತೆಗೆ ಕುಂದು ತರದ ಇತರ ವಾದ್ಯಗಳಿಗೂ ಅದು ಬಾಗಿಲು ತೆರೆಯಿತು. ಆ ಧೈರ್ಯದಿಂದಲೇ ಒಂದು ಹಳೆಯ ಬೇಸ್ ಗಿಟಾರನ್ನು ನಾವು ಕೊಂಡಿದ್ದೆವು. ಅದರ ಹಿಂಬದಿಯಲ್ಲಿ 9 ವೋಲ್ಟಿನ ಚೌಕ ಬ್ಯಾಟರಿ ಕೂರುವ ಪುಟ್ಟ ಗೂಡಿತ್ತು. ಇಂಥವನ್ನು 'ಆಕ್ಟಿವ್' ಬೇಸ್ ಎನ್ನುತ್ತಾರೆ. ತಂತಿಯ ನಾದ ಹೊರಗೆ ಹೋಗುವ ಮೊದಲು ಒಳಗಿನ ಸಣ್ಣ ಆಂಪ್ಲಿಫಯರ್ ಅದನ್ನು ಬಲಪಡಿಸಿ ಕಳುಹಿಸುತ್ತದೆ. ಅದಕ್ಕೆ ಬೇಕಾದ ಶಕ್ತಿ ಆ ಬ್ಯಾಟರಿಯದು.

ಪಾಸ್ಖದ ಮರುದಿನವೇ ನಾನು ಹೊಸ ಬ್ಯಾಟರಿ ಹಾಕಿಸಿದೆ. ವಾದ್ಯ ಚೆನ್ನಾಗಿಯೇ ನುಡಿಯಿತು. ತಪ್ಪು ಹುಡುಗನದೇ ಎಂದು ನನ್ನ ಮನಸ್ಸು ಮತ್ತಷ್ಟು ಗಟ್ಟಿಯಾಯಿತು. ಆದರೆ ಮೇ ತಿಂಗಳ ನಡುವೆ ಒಂದು ಸಂಜೆ ಸುಮ್ಮನೆ ತಂತಿ ಮೀಟಿ ನೋಡಿದರೆ ಅದೇ ಕಪ್ಪೆಯ ದನಿ! ನಡುವೆ ಯಾರೂ ಅದನ್ನು ನುಡಿಸಿರಲಿಲ್ಲ, ನುಡಿಸುವವನು ಬಂದೇ ಇರಲಿಲ್ಲ. ಯಾರೂ ಮುಟ್ಟದ ಗಿಟಾರಿನ ಬ್ಯಾಟರಿ ಸತ್ತದ್ದು ಹೇಗೆ? ಈ ಬಾರಿ ಬೈಯಲು ಎದುರಿಗೆ ಯಾರೂ ಇರಲಿಲ್ಲ.

ಆ ವಾರ ಮುಂಡರಗಿಯ ಕಡೆ ಒಂದು ಮನೆಗೆ ಹೋಗಬೇಕಾಗಿತ್ತು. ಗಿಟಾರನ್ನೂ ಜೀಪಿನಲ್ಲಿ ಹಾಕಿಕೊಂಡೆ. ಡಂಬಳ ದಾಟಿ, ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳನ್ನು ನೋಡುತ್ತ ಮುಂಡರಗಿ ಸೇರಿದಾಗ ಬಿಸಿಲು ನೆತ್ತಿಗೇರಿತ್ತು. ಅಲ್ಲಿ ಒಬ್ಬರು ಹೊಲದ ಪಂಪಿನ ಮೋಟರುಗಳಿಗೆ ವೈಂಡಿಂಗ್ ಮಾಡುತ್ತಾರೆ; ಸಭೆ ಸಮಾರಂಭಗಳ ಆಂಪ್ಲಿಫಯರುಗಳನ್ನೂ ದುರಸ್ತಿ ಮಾಡುತ್ತಾರೆ. ನಮ್ಮ ಧರ್ಮಕೇಂದ್ರದವರಲ್ಲ, ಆದರೆ ನಮ್ಮ ಮೈಕಿನ ಪೆಟ್ಟಿಗೆಗೆ ಹಲವು ಸಲ ಜೀವ ಕೊಟ್ಟವರು. ಬೇಸ್ ಗಿಟಾರನ್ನು ಅವರು ಹಿಂದೆ ಕಂಡಿರಲಿಲ್ಲ.

ಹಿಂಬದಿಯ ಮುಚ್ಚಳ ಬಿಚ್ಚಿ ಬಹಳ ಹೊತ್ತು ನೋಡಿದರು. ತಂತಿಗಳ ಕೆಳಗಿನ ಎರಡು ಕಪ್ಪು ಪಟ್ಟಿಗಳನ್ನು ತೋರಿಸಿ, "ಇದರಾಗ ಏನೈತ್ರೀ ಫಾದರ್?" ಎಂದರು. ಪಿಕಪ್ ಎಂದು ಕರೆಯುವ ಅವುಗಳೊಳಗೆ ಅಯಸ್ಕಾಂತವಿದೆ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ, ಮೇಲೆ ಉಕ್ಕಿನ ತಂತಿ ಕಂಪಿಸಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ವಿವರಿಸಿದೆ. ಅವರ ಮುಖ ಅರಳಿತು. "ಹಂಗಾದ್ರ ಇದೂ ವೈಂಡಿಂಗೇ ಆತಲ್ರೀ!" ಎಂದರು. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ತತ್ವವನ್ನು ನಾನು ಪುಸ್ತಕದಲ್ಲಿ ಓದಿ ತಿಳಿದವನು. ಅವರು ಅದನ್ನು ದಿನವೂ ಬೆರಳಿನಲ್ಲಿ ಸುತ್ತಿ ತಿಳಿದವರು.

ಆಮೇಲೆ ಅವರು ಹೊಸ ಬ್ಯಾಟರಿಯೊಂದನ್ನು ಹಚ್ಚಿ, ನಡುವೆ ಮೀಟರ್ ಸೇರಿಸಿದರು. ಮುಳ್ಳು ಅಲುಗಲಿಲ್ಲ. "ಈಗ ವೈರ್ ಚುಚ್ಚರಿ" ಎಂದರು. ನಾನು ಪ್ಲಗ್ಗನ್ನು ಗಿಟಾರಿನ ಜಾಕಿಗೆ ಸಿಕ್ಕಿಸಿದೆ. ಮುಳ್ಳು ಅರ್ಧ ಮಿಲಿ ಆಂಪಿಯರಿನಷ್ಟು ಏರಿತು. ತೆಗೆದೆ, ಇಳಿಯಿತು. ಸಿಕ್ಕಿಸಿದೆ, ಏರಿತು.

"ಇದಕ್ಕ ಬ್ಯಾರೆ ಸ್ವಿಚ್ಚ ಇಲ್ರೀ ಫಾದರ್. ಪ್ಲಗ್ಗೇ ಸ್ವಿಚ್ಚು. ಚುಚ್ಚಿದ್ರ ಚಾಲೂ, ತೆಗದ್ರ ಬಂದ್. ನೀವು ಆಂಪ್ಲಿಫಯರ್ ಆರಿಸಿದ್ರೂ ಇದು ಒಳಗ ಉರೀತಾನ ಇರ್ತೈತಿ."

ಜಾಕಿನಲ್ಲಿ ಮೂರು ಲೋಹದ ತಗಡುಗಳಿದ್ದವು. ಬ್ಯಾಟರಿಯ ಋಣ ತುದಿ ನಡುವಿನದಕ್ಕೆ ಬಂದು ನಿಂತಿತ್ತು. ಪ್ಲಗ್ಗಿನ ಉದ್ದನೆಯ ಲೋಹದ ಮೈ ಒಳಗೆ ಹೋದಾಗ ಆ ತಗಡನ್ನೂ ಅರ್ಥಿಂಗಿನ ತಗಡನ್ನೂ ಕೂಡಿಸಿಬಿಡುತ್ತದೆ, ಮಂಡಲ ಪೂರ್ಣವಾಗುತ್ತದೆ. ಬ್ಯಾಟರಿ ಉಳಿಯಲೆಂದೇ ಮಾಡಿದ ಜಾಣ ಉಪಾಯವದು. ನುಡಿಸಿ ಮುಗಿದ ಮೇಲೆ ಪ್ಲಗ್ಗನ್ನು ತೆಗೆದಿಟ್ಟರೆ ಮಾತ್ರ.

ನನಗೆ ಅಲ್ಲೇ ಕುಳಿತಲ್ಲಿ ಬೆವರೊಡೆಯಿತು. ಏಕೆಂದರೆ ನಮ್ಮ ದೇವಾಲಯದಲ್ಲಿ ಪ್ಲಗ್ಗನ್ನು ತೆಗೆಯಬಾರದೆಂದು ನಿಯಮ ಮಾಡಿದವನೇ ನಾನು. ಪದೇಪದೇ ಚುಚ್ಚಿ ತೆಗೆದರೆ ಜಾಕು ಸಡಿಲವಾಗುತ್ತದೆ, ಖರ್ಚು ಬರುತ್ತದೆ ಎಂದು ಆ ಹುಡುಗನಿಗೇ ಕಟ್ಟಪ್ಪಣೆ ಮಾಡಿದ್ದೆ. ತಪಸ್ಸುಕಾಲ ಬಂದಾಗ ವಾದ್ಯಗಳು ಕಡಿಮೆಯಿರಲಿ ಎಂದು ಬೇಸನ್ನು ಮೂಲೆಯಲ್ಲಿ ನಿಲ್ಲಿಸಿದವನೂ ನಾನೇ. ಮಾರ್ಚ್ 6ರ ಬೂದಿ ಬುಧವಾರದಿಂದ ಜಾಗರಣೆಯ ರಾತ್ರಿಯವರೆಗೆ 45 ದಿನ, ಎಂದರೆ 1080 ಗಂಟೆ. ಗಂಟೆಗೆ ಅರ್ಧದಂತೆ 540 ಮಿಲಿ ಆಂಪಿಯರ್-ಅವರ್. ಒಳ್ಳೆಯ 9 ವೋಲ್ಟಿನ ಬ್ಯಾಟರಿಯಲ್ಲಿ ಇರುವುದೇ ಸುಮಾರು ಅಷ್ಟು. ಪವಿತ್ರ ವಾರದ ಅಭ್ಯಾಸಕ್ಕೆ ಅದು ಹೇಗೋ ತಾಳಿಕೊಂಡಿತ್ತು. ಕಡೆಯ ಹನಿ ಮುಗಿದದ್ದು ಮಹಿಮಾಗೀತೆಯಲ್ಲಿ. ನಲವತ್ತೈದು ದಿನ ಹಗಲಿರುಳು ಆ ಬ್ಯಾಟರಿಯನ್ನು ಸುಟ್ಟದ್ದು ನನ್ನ ಅಪ್ಪಣೆ. ಬೈಸಿಕೊಂಡವನು ಆ ಅಪ್ಪಣೆಯನ್ನು ಚಾಚೂ ತಪ್ಪದೆ ಪಾಲಿಸಿದ ಹುಡುಗ.

ಸಹೋದರನಿಗೆ ನಮ್ಮ ಮೇಲೆ ಮನಸ್ತಾಪವಿದ್ದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ಅವನೊಡನೆ ಒಂದಾಗಬೇಕೆಂಬ ಪ್ರಭುವಿನ ಬೋಧನೆಯ ಮೇಲೆ ನಾನು ಎಷ್ಟು ಪ್ರಬೋಧನೆ ಮಾಡಿದ್ದೇನೋ ಲೆಕ್ಕವಿಲ್ಲ. ಮರುದಿನ ಬೆಳಿಗ್ಗೆ ಶಿರಹಟ್ಟಿಗೆ ಹೊರಟೆ. ಹುಡುಗನ ಮನೆ ಅಲ್ಲಿ. ಐ.ಟಿ.ಐ. ಓದಲು ಗದಗಿಗೆ ಬಸ್ಸಿನಲ್ಲಿ ಬಂದು ಹೋಗುವವನು ಭಾನುವಾರವೂ ಅದೇ ಬಸ್ಸು ಹಿಡಿದು ಗಾನವೃಂದಕ್ಕೆ ಬರುತ್ತಿದ್ದ. ಹಿಂದೂ-ಮುಸ್ಲಿಂ ಸಾಮರಸ್ಯಕ್ಕೆ ಹೆಸರಾದ ಫಕೀರೇಶ್ವರ ಮಠದ ಊರು ಶಿರಹಟ್ಟಿ. ಬೇರೆ ಬೇರೆ ಧರ್ಮದವರು ಒಂದೇ ಗದ್ದುಗೆಯ ಮುಂದೆ ನಿಲ್ಲುವ ಆ ಊರಿಗೆ, ಒಂದೇ ಧರ್ಮಕೇಂದ್ರದ ಒಬ್ಬ ಹುಡುಗನ ಎದುರು ನಿಲ್ಲಲು ನಾನು ಅಳುಕುತ್ತ ಹೋಗಿದ್ದೆ.

ತಂದೆ ಕುರ್ಚಿ ಹಾಕಿದರು, ತಾಯಿ ನೀರು ತಂದರು. ನಡೆದದ್ದನ್ನು ಹೇಳಿದೆ. "ತಪ್ಪು ನನ್ನದು ತಮ್ಮಾ. ನಿನ್ನದೇನೂ ಇರಲಿಲ್ಲ" ಎಂದೆ. ಹುಡುಗ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ತಂದೆ, "ಹಿರ್‍ಯಾರು ಒಂದು ಮಾತು ಅಂದ್ರ ಏನಾತ್ರೀ, ಬಿಡ್ರಿ" ಎಂದು ಮುಗಿಸಲು ನೋಡಿದರು. ಹುಡುಗ ಮುಗಿಸಗೊಡಲಿಲ್ಲ.

"ನನಗ ಗೊತ್ತಿತ್ರೀ ಫಾದರ್, ಪ್ಲಗ್ ತೆಗೀಬೇಕಂತ. ಒಂದ್ಸಲ ಹೇಳಾಕ ಬಂದಿದ್ದೆ. ನೀವು ಹೇಳಿದಷ್ಟ ಮಾಡು ಅಂದ್ರಿ."

ನನಗೆ ಅದು ನೆನಪೇ ಇರಲಿಲ್ಲ. ನೆನಪಿಲ್ಲದಷ್ಟು ಸಲೀಸಾಗಿ ನಾನು ಆ ಮಾತನ್ನು ಆಡಿರಬೇಕು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನೇ ಹೇಳಿದ: "ಬ್ಯಾಟರಿ ಇರೂತನಕ ಬೈಗಳಾನೂ ನಂದೇರೀ. ಅದಿಲ್ಲದಂಗ ಮಾಡಾಕ ಬರ್ತೈತೇನು ನೋಡ್ರಿ. ಬರ್ತೀನಿ."

ಪ್ಲಗ್ಗನ್ನು ತೆಗೆದಿಟ್ಟರೆ ಸಾಕಾಗುವ ತೊಂದರೆಗೆ ವಾದ್ಯವನ್ನೇ ಬಿಚ್ಚಬೇಕೇ ಎಂದು ನೀವು ಕೇಳಬಹುದು. ಮುಂಡರಗಿಯ ಯಜಮಾನರೂ ಅದನ್ನೇ ಕೇಳಿದರು. ಬ್ಯಾಟರಿ ಮತ್ತು ಬರಿಯ ತಂತಿ ಎರಡಕ್ಕೂ ಹೊರಳಿಸಬಹುದಾದ ಸ್ವಿಚ್ಚನ್ನು ಕೂಡಿಸಬಹುದಿತ್ತು. ಎಷ್ಟೋ ಗಿಟಾರುಗಳಲ್ಲಿ ಅದು ಇದ್ದೇ ಇರುತ್ತದೆ. ಆದರೆ ಹುಡುಗ ಕೇಳಿದ್ದು ಸ್ವಿಚ್ಚನ್ನಲ್ಲ. ನನ್ನ ಬೈಗುಳಕ್ಕೆ ಮತ್ತೆ ಕಾರಣವಾಗಬಹುದಾದ ವಸ್ತುವೇ ಅಲ್ಲಿ ಇರಬಾರದು ಎಂದು ಅವನು ಕೇಳಿದ್ದ. ಅದು ನ್ಯಾಯವೆನಿಸಿತು.

ಮುಂದಿನ ಎರಡು ಶನಿವಾರ ನಾವು ಮೂವರೂ ಮುಂಡರಗಿಯ ಆ ಅಂಗಡಿಯಲ್ಲಿ ಕುಳಿತೆವು. ಮೊದಲು ತಿಳಿಯಬೇಕಾದದ್ದು, ಪಿಕಪ್‌ಗಳು ಬರಿಯ ಸುರುಳಿಗಳೇ ಅಥವಾ ಅವುಗಳೊಳಗೇ ಆಂಪ್ಲಿಫಯರ್ ಅಡಗಿದೆಯೇ ಎಂಬುದು. ಅಡಗಿದ್ದರೆ ಬ್ಯಾಟರಿ ಇಲ್ಲದೆ ಅವು ನುಡಿಯುವುದಿಲ್ಲ, ಪಿಕಪ್‌ಗಳನ್ನೇ ಬದಲಿಸಬೇಕಾಗುತ್ತದೆ. ಅವುಗಳ ವೈರುಗಳನ್ನು ಬೋರ್ಡಿನಿಂದ ಬಿಡಿಸಿ ಮೀಟರ್ ಹಿಡಿದರೆ ಒಂದು ಏಳೂವರೆ ಕಿಲೋ ಓಮ್, ಇನ್ನೊಂದು ಎಂಟರ ಸಮೀಪ ತೋರಿಸಿತು. ಬರಿಯ ಸುರುಳಿಗಳು! ಹುಡುಗ ಅಂದು ಮೊದಲ ಸಲ ನಕ್ಕ.

ಆತುರದಲ್ಲಿ ನಾವು ಬೋರ್ಡನ್ನು ಮಾತ್ರ ತೆಗೆದು, ಇದ್ದ ವಾಲ್ಯೂಮ್ ಕಂಟ್ರೋಲಿಗೇ ಪಿಕಪ್‌ಗಳನ್ನು ಕೂಡಿಸಿದೆವು. ನಾದ ಬಂತು, ಆದರೆ ಕಂಬಳಿ ಹೊದ್ದು ಮಲಗಿದವನ ದನಿಯಂತೆ ಬಂತು. ಆ ಕಂಟ್ರೋಲ್ 25 ಕಿಲೋ ಓಮಿನದು. ಬೋರ್ಡಿನಂಥ ಬಲವುಳ್ಳದ್ದಕ್ಕೆ ಅದು ಸರಿ, ಬರಿಯ ಸುರುಳಿಗೆ ಭಾರ. ನಾನು ಸಮೀಕರಣ ಬರೆಯಲು ಕಾಗದ ಹುಡುಕುತ್ತಿದ್ದಾಗ ಯಜಮಾನರೇ ಹುಡುಗನಿಗೆ ಹೇಳಿದರು: "ಸಣ್ಣ ಸೆಲಿ ಇರೋ ಬಾವಿಗೆ ಹತ್ತು ಎಚ್‌ಪಿ ಪಂಪು ಕುಂಡ್ರಿಸಿದ್ರ ಏನಾಕ್ಕೈತಿ? ಎಳಿಯೂದು ಕಡಿಮಿ ಮಾಡಬೇಕು, ಅಷ್ಟ." ಇಂಥ ವಾದ್ಯಗಳಿಗೆ ಸಾಮಾನ್ಯವಾಗಿ 250 ಅಥವಾ 500 ಕಿಲೋ ಓಮಿನ ಕಂಟ್ರೋಲ್ ಹಾಕುತ್ತಾರೆ. ಗದಗಿನ ರೇಡಿಯೋ ಬಿಡಿಭಾಗಗಳ ಅಂಗಡಿಯಲ್ಲಿ ನನಗೆ 470ರದು ಸಿಕ್ಕಿತು, ಅದೇ ಸಾಕಾಯಿತು. ಎರಡು ಪಿಕಪ್‌ಗಳಿಗೆ ಎರಡು ವಾಲ್ಯೂಮ್, ಒಂದು ಟೋನ್. ಟೋನಿಗೆ 0.047 ಮೈಕ್ರೋಫ್ಯಾರಡಿನ ಕೆಪಾಸಿಟರ್, ಮೈಮೇಲೆ 473 ಎಂದು ಅಚ್ಚಾಗಿರುವಂಥದು. ಗುಂಡಿ ತಿರುಗಿಸಿದಂತೆ ನಾದದ ಚೂಪನ್ನು ಅದು ನೆಲಕ್ಕೆ ಇಳಿಸುತ್ತದೆ. ನಾಲ್ಕನೆಯ ಗುಂಡಿಗೆ ಕೆಲಸವಿಲ್ಲ. ತೂತು ಕಾಣದಿರಲೆಂದು ಹಾಗೆಯೇ ಬಿಟ್ಟೆವು. ಜಾಕಿನ ನಡುವಿನ ತಗಡನ್ನು ಖಾಲಿ ಬಿಟ್ಟೆವು.

ಎಲ್ಲ ಮುಗಿಸಿ ಹಚ್ಚಿದರೆ ಗುಂಯ್ ಎಂದು ಜೇನುಹುಳದ ಸದ್ದು. ಯಜಮಾನರು ತಂತಿಗಳನ್ನು ಕಟ್ಟಿರುವ ಲೋಹದ ಸೇತುವೆಯನ್ನು ಬೆರಳಿನಿಂದ ಮುಟ್ಟಿ ನೋಡಿ, "ಅರ್ಥಿಂಗ್ ಬಿಟ್ಟೀರಿ" ಎಂದರು. ಬೋರ್ಡ್ ಕೀಳುವಾಗ ಆ ಒಂದು ವೈರನ್ನು ನಾನೇ ಕಿತ್ತಿದ್ದೆ. ಈ ಬಾರಿ ಹುಡುಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವನೇ ಕಾವಿ ಹಿಡಿದು ಬೆಸುಗೆ ಹಾಕಿದ. ಸದ್ದು ನಿಂತಿತು. ಒಟ್ಟು ಖರ್ಚು ಇನ್ನೂರು ರೂಪಾಯಿ ದಾಟಲಿಲ್ಲ. ಯಜಮಾನರು ಕೂಲಿಯನ್ನು ಮುಟ್ಟಲಿಲ್ಲ.

ಕಳೆದುಕೊಂಡದ್ದನ್ನೂ ಹೇಳಬೇಕು. ನಾದದ ಏರು ತಗ್ಗಿತು. ಆಂಪ್ಲಿಫಯರನ್ನು ಮೊದಲಿಗಿಂತ ಹೆಚ್ಚು ತಿರುಗಿಸಬೇಕಾಯಿತು. ಮೊದಲು ಮಂದ್ರವನ್ನೂ ತಾರವನ್ನೂ ಬೇಕಾದಂತೆ ಏರಿಸಬಹುದಿತ್ತು; ಈಗಿನ ಟೋನ್ ಗುಂಡಿ ಇಳಿಸಬಲ್ಲದು, ಏರಿಸಲಾರದು. ವೈರು ಉದ್ದವಾದಷ್ಟೂ ನಾದದ ಮೇಲಂಚು ಸವೆಯುತ್ತದೆ. ಆದ್ದರಿಂದ ಹತ್ತು ಮೀಟರಿನ ವೈರನ್ನು ಬಿಟ್ಟು ಮೂರು ಮೀಟರಿನದನ್ನು ತಂದೆವು, ಹುಡುಗ ಆಂಪ್ಲಿಫಯರಿನ ಪಕ್ಕಕ್ಕೇ ಬಂದು ಕುಳಿತ. ಆಂಪ್ಲಿಫಯರಿಗೆ ಕರೆಂಟ್ ಬೇಕೇ ಬೇಕು. ಆ ಹಂಗು ತಪ್ಪಲಿಲ್ಲ. ಆದರೆ ವಾದ್ಯದ ಒಳಗೆ ನಮಗೆ ಗೊತ್ತಾಗದಂತೆ ಖರ್ಚಾಗಿಹೋಗುವುದು ಈಗ ಯಾವುದೂ ಇಲ್ಲ. ಬೆರಳು ತಂತಿಗೆ ಕೊಟ್ಟದ್ದಷ್ಟೇ ಹೊರಗೆ ಬರುತ್ತದೆ. ಇದು ಹಿಂದಕ್ಕೆ ಹೋದದ್ದೇನೂ ಅಲ್ಲ. ಅಮೆರಿಕದಲ್ಲಿ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್‌ನಲ್ಲಿ ಬ್ಯಾಟರಿ ಇರಲಿಲ್ಲ. ಬ್ಯಾಟರಿಯ ಬೇಸ್ ಗಿಟಾರುಗಳು ಹೆಚ್ಚಾಗಿ ಬಳಕೆಗೆ ಬಂದದ್ದು ಎಪ್ಪತ್ತರ ದಶಕದಲ್ಲಿ. ಅವರೇ ಕೈಯಾಡಿಸಿದ ಸ್ಟಿಂಗ್‌ರೇ 1976ರದು. ಇಂದಿಗೂ ಎರಡೂ ಬಗೆಯವು ತಯಾರಾಗುತ್ತವೆ, ಎರಡನ್ನೂ ಮೆಚ್ಚುವವರಿದ್ದಾರೆ.

ಜೂನ್ ತಿಂಗಳ ಒಂದು ಭಾನುವಾರ ಅವನು ಶಿರಹಟ್ಟಿಯ ಬಸ್ಸಿನಲ್ಲಿ ಬಂದ. ಪೂಜೆಯ ಆರಂಭದಲ್ಲಿ ನಮ್ಮ ಪಾಪಗಳನ್ನು ನೆನೆಯಲು ಜನರನ್ನು ಆಹ್ವಾನಿಸುವ ಮೊದಲು, ಏಪ್ರಿಲ್ 20ರ ರಾತ್ರಿಯ ನನ್ನದೊಂದು ತಪ್ಪನ್ನು ಹೇಳಿದೆ. ಹತ್ತಾರು ಜನರ ಎದುರು ಬೈದದ್ದಕ್ಕೆ ಮನೆಯೊಳಗೆ ಕ್ಷಮೆ ಕೇಳಿದರೆ ಲೆಕ್ಕ ಚುಕ್ತಾ ಆಗುವುದಿಲ್ಲ ಎಂದು ನನಗನಿಸಿತ್ತು. ಪ್ಲಗ್ಗು, ಬ್ಯಾಟರಿ, ನನ್ನ ನಿಯಮ, ಎಲ್ಲವನ್ನೂ ಎರಡು ನಿಮಿಷದಲ್ಲಿ ಹೇಳಿದೆ. ಹಿಂದಿನ ಬೆಂಚಿನಲ್ಲಿದ್ದ ಅವನ ತಂದೆ ತಲೆ ತಗ್ಗಿಸಿ ಕುಳಿತಿದ್ದರು. ಆಮೇಲೆ ಹಾಡು ಶುರುವಾಯಿತು. ಬೇಸಿನ ನಾದ ಮೊದಲಿನಷ್ಟು ದೊಡ್ಡದಾಗಿರಲಿಲ್ಲ. ಯಾರೂ ತಿರುಗಿ ನೋಡಲಿಲ್ಲ. ಅದು ಇರಬೇಕಾದದ್ದೇ ಹಾಗೆ.

ಆ ಮಳೆಗಾಲದಲ್ಲಿ ಲಕ್ಷ್ಮೇಶ್ವರದ ಒಂದು ಮನೆಯಲ್ಲಿ ಪೂಜೆಯಿತ್ತು. ಹುಡುಗ ಗಿಟಾರನ್ನೂ ಸಣ್ಣ ಆಂಪ್ಲಿಫಯರನ್ನೂ ಹೊತ್ತು ತಂದಿದ್ದ. ಅರ್ಧದಲ್ಲಿ ಕರೆಂಟ್ ಹೋಯಿತು. ಅಭ್ಯಾಸಬಲದಿಂದ ನನ್ನ ಕಣ್ಣು ಅವನ ಕಡೆ ಹೊರಳಿತು. ಅವನು ಮೇಲೆ ಫ್ಯಾನಿನ ಕಡೆ ಬೆರಳು ತೋರಿಸಿದ, "ಇದಕ್ಕೂ ನಾನೇ ಏನ್ರೀ?" ಎನ್ನುವಂತೆ. ಪೂಜೆಯ ಮಧ್ಯದಲ್ಲಿ ನಗು ತಡೆದುಕೊಳ್ಳುವುದು ಕಷ್ಟವಾಯಿತು. ಆ ಹಾಡನ್ನು ವಾದ್ಯವಿಲ್ಲದೆಯೇ ಹಾಡಿ ಮುಗಿಸಿದೆವು.

ಅವನೀಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾನೆ. ಹಬ್ಬಗಳಿಗೆ ಬಂದು ನುಡಿಸುತ್ತಾನೆ. ಕಿತ್ತ ಬೋರ್ಡನ್ನು ಒಂದು ಲಕೋಟೆಯಲ್ಲಿ ಹಾಕಿ ಪೂಜಾವಸ್ತ್ರಗಳ ಕೋಣೆಯ ಕಪಾಟಿನಲ್ಲಿ ಇಟ್ಟಿದ್ದೇನೆ, ಮುಂದೆ ಬರುವವರಿಗೆ ಬೇಕಾದರೆ ಮತ್ತೆ ಹಚ್ಚಿಕೊಳ್ಳಲಿ ಎಂದು. ಪ್ಲಗ್ಗು ಗಿಟಾರಿನಲ್ಲಿ ಇದ್ದರೂ ಈಗ ಏನೂ ನಷ್ಟವಿಲ್ಲ. ಆದರೂ ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ನಾನು ಗಾನವೃಂದದ ಮೂಲೆಗೆ ಹೋಗಿ, ಅದನ್ನು ಮೆಲ್ಲಗೆ ಹೊರಗೆಳೆದು, ವೈರನ್ನು ಸುತ್ತಿಟ್ಟು ಬರುತ್ತೇನೆ.